ಖಚಿತವೇ ಎಂದು ಕೇಳುವ ಪೆಟ್ಟಿಗೆ

ಯಾರೋ ಕಿತ್ತಳೆ ಸುಲಿಯುತ್ತಿದ್ದಾರೆ, ಸಿಪ್ಪೆಯ ಖಾರ ವಾಸನೆ ಎ.ಸಿ. ಗಾಳಿಯ ಜೊತೆ ಒಂದು ಸುತ್ತು ಹೊಡೆದು ಅವಳ ಮೇಜಿಗೇ ಬಂದು ಕೂತಿದೆ, ಹೊರಗೆ ಹೋಗೋಣವೆಂದರೆ ಅದಕ್ಕೂ ದಾರಿಯಿಲ್ಲ, ಇಲ್ಲಿನ ಕಿಟಕಿಗಳು ತೆರೆಯುವುದಿಲ್ಲ, ಗೋಡೆಯಷ್ಟು ಅಗಲದ ಗಾಜು, ಚಿಲಕ ಇರಬೇಕಾದ ಜಾಗದಲ್ಲಿ ಒಂದು ಸ್ಟಿಕ್ಕರು — ತುರ್ತು ಸಂದರ್ಭದಲ್ಲಿ ಮಾತ್ರ ಒಡೆಯಿರಿ — ಯಾವುದರಿಂದ ಒಡೆಯಬೇಕು ಅಂತ ಬರೆದಿಲ್ಲ, ಇದನ್ನು ಬರೆದವನಿಗೆ ಹೆಲ್ಪ್ ಪುಟ ಬರೆಯಲು ಬರುವುದಿಲ್ಲ, ಎಂದು ದಿನಾ ಅಂದುಕೊಳ್ಳುವುದನ್ನು ಇವತ್ತೂ ಅಂದುಕೊಂಡು ಅವಳು ಕಣ್ಣನ್ನು ಎಳೆದು ತಂದು ತೆರೆಯ ಮೇಲಿಟ್ಟಳು, ತೆರೆಯ ಮೇಲೆ ಮ್ಯಾಕ್ರೊ ಪುಟ, ಅವಳೇ ಬರೆದದ್ದು, ಅವಳೇ ಈಗ ತಿದ್ದಬೇಕಾದದ್ದು. ಎಡಿಟರಿನ, ಅಂದರೆ ಈ ಕಂಪನಿ ಮಾರುವ, ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶದ, ಹೊಸ ಆವೃತ್ತಿ ಸಂಜೆ ಹೊರಡುತ್ತದೆ, ಹೊರಡಬೇಕೆಂದರೆ ಹೆಲ್ಪ್ ಪುಟಗಳೆಲ್ಲ ತಿದ್ದಿ ಮುಗಿದು ಪ್ರತಿಯೊಂದರ ಪಕ್ಕದಲ್ಲೂ ಹಸಿರು ಚುಕ್ಕಿ ಬಿದ್ದಿರಬೇಕು, ಇದು ಈ ಕಂಪನಿಯ ಕಟ್ಟುಪಾಡು, ಎಡಿಟರನ್ನು ಮೊದಲು ಕಟ್ಟಿದ ಮುದುಕರು ಹಾಕಿಟ್ಟು ಹೋದದ್ದು, ಜನಕ್ಕೆ ತಿಳಿಸಿ ಹೇಳೋಕಾಗದ ಸಾಮಾನು ಹೊಸಿಲು ದಾಟಬಾರದು ಅಂತ — ಮುದುಕರು ಹೋದರು, ಕಟ್ಟುಪಾಡು ಅವಳ ಕುತ್ತಿಗೆಗೆ ಬಿತ್ತು — ಉಳಿದ ಪುಟಗಳಿಗೆಲ್ಲ ಹಸಿರು ಬಿದ್ದಾಗಿದೆ, ಇದೊಂದು ಬೆಳಿಗ್ಗೆಯಿಂದ ಕಣ್ಣು ಬಂದವರ ಹಾಗೆ ಕೆಂಪಗೆ ಕೂತಿದೆ. ಹೆಡ್‌ಮಾಸ್ಟರು ಹಿಂದಿನಿಂದ ಹಾದುಹೋದರು, ತಂಡದ ಮುಖ್ಯಸ್ಥರು, ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿನ್ನೆ ಏನು ಮಾಡಿದೆ ಇವತ್ತು ಏನು ಮಾಡ್ತೀಯ ಅಂತ ಕೇಳುವುದರಿಂದ ಬಂದ ಹೆಸರು, ಕೈಯಲ್ಲಿ ಖಾಲಿ ಲೋಟ, ನೀರು ತರೋಕೆ ಹೊರಟವರ ಹಾಗೆ, ನೀರಿನ ಯಂತ್ರ ಇರುವುದು ಆ ಕಡೆ, ಅವಸರ ಏನಿಲ್ಲಮ್ಮ, ಸಂಜೆ ಒಳಗೆ ಆದ್ರೆ ಸಾಕು, ಅಂದರು, ಅವಸರ ಏನಿಲ್ಲ ಅಂದರೆ ಈಗಲೇ ಅಂತ ಅರ್ಥ, ಇಷ್ಟು ವರ್ಷ ಅವರ ಕೈಕೆಳಗೆ ಇದ್ದು ಅಷ್ಟೂ ತಿಳಿಯದಿದ್ದರೆ ಹೇಗೆ, ಆಯ್ತು ಸಾರ್ ಅಂದಳು, ಲೋಟ ಆ ಕಡೆ ತಿರುಗಿತು. ಆಯ್ತು ಅಂದದ್ದೇ ತಪ್ಪು, ಏನು ಆಯ್ತು, ಪುಟದ ಕೊನೆಯ ಸಾಲು ಇನ್ನೂ ಬರೆದಿಲ್ಲ, ಆ ಸಾಲು ಬರೆದರೆ ಅಣ್ಣನ ಬಾಯಿಗೆ ತಾನೇ ಕೈಯಾರೆ ಬೀಗ ಹಾಕಿದ ಹಾಗೆ, ಬರೆಯದಿದ್ದರೂ ಬೀಗ ಬಿದ್ದೇ ಇದೆ, ನಿನ್ನೆಯೇ ಬಿತ್ತು, ಅವಳು ನೋಡುತ್ತಿರುವಾಗಲೇ, ಅವನು ಬೆರಳು ಮೇಲೆತ್ತಿದ್ದು ಮೇಲೆಯೇ ನಿಂತುಬಿಟ್ಟಿತು.

ಬೇಡ, ಅದನ್ನು ಈಗ ನೆನೆಸಬಾರದು, ಪುಟ, ಪುಟ ನೋಡು. ಮ್ಯಾಕ್ರೊ ಎಂದರೆ ನೀವು ಎಡಿಟರಿಗೆ ಕಲಿಸಿಕೊಡುವ ಒಂದು ಪುಟ್ಟ ಕೆಲಸ. ಒಂದು ಕೀಲಿ ಆರಿಸಿ. ಅದನ್ನು ಒತ್ತಿದಾಗ ಏನಾಗಬೇಕು ಎಂದು ಬರೆಯಿರಿ. ಮುಂದೆ ಆ ಕೀಲಿ ಒತ್ತಿದಾಗಲೆಲ್ಲ ಎಡಿಟರ್ ಆ ಕೆಲಸವನ್ನು ತಾನೇ ಮಾಡುತ್ತದೆ. ಎಷ್ಟು ಸಲೀಸಾಗಿದೆ, ಒಂದು ಕೂದಲೂ ಅಡ್ಡ ಬರುವುದಿಲ್ಲ, ಆದರೆ ಇದು ಅವಳ ಬುದ್ಧಿಯಲ್ಲ, ದರ್ಜಿ ಅಣ್ಣ ಬಿಚ್ಚಿಸಿ ಮತ್ತೆ ಹೊಲಿಸಿದ್ದು, ಮೊದಲು ಅವಳು ಬರೆದಿದ್ದ ಪುಟವನ್ನು ಅಣ್ಣ ಮುಂದೆ ಇಟ್ಟುಕೊಂಡು ಓದಿ — ಹೊಲಿಗೆ ಮೇಜಿನ ಮೇಲೆ, ಕತ್ತರಿ ಪಕ್ಕಕ್ಕೆ ತಳ್ಳಿ — ಪಕ್ಕದಲ್ಲಿದ್ದ ಲೈನಿಂಗ್ ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದ, ಇದು ಯಾರಿಗೆ ಬರ್ದಿರೋದು, ನಿನಗೇನಾ, ಅಂತ. ಆಮೇಲೆ ಮತ್ತೆ ಬರೆದ, ಮೊದಲು ಕೈ ಎಲ್ಲಿಡಬೇಕು ಹೇಳು, ಆಮೇಲೆ ಉಪದೇಶ. ಆಗ ಗಂಟಲಿನ ಆಪರೇಷನ್ ಆಗಿ ಗಾಯ ಆರುತ್ತಾ ಬಂದಿತ್ತು, ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು, ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯ, ಗಿರಾಕಿಗಳು ಬಟ್ಟೆ ಹೊಲಿಸೋಕೆ ಬರುತ್ತಿದ್ದರೋ ಬೈಸಿಕೊಳ್ಳೋಕೆ ಬರುತ್ತಿದ್ದರೋ, ಆಸ್ಪತ್ರೆಯವರು ಒಂದು ಸಣ್ಣ ಯಂತ್ರ ಕೊಟ್ಟು ಕಳಿಸಿದ್ದರು, ಅದರಲ್ಲಿ ಚಿತ್ರಗಳು, ಲೋಟ ಒತ್ತಿದರೆ ನನಗೆ ನೀರು ಬೇಕು ಅನ್ನುತ್ತದೆ, ಹಾಸಿಗೆ ಒತ್ತಿದರೆ ನಾನು ಮಲಗಬೇಕು ಅನ್ನುತ್ತದೆ, ವಾರ್ತೆ ಓದುವವಳ ದನಿ, ಅಣ್ಣ ಅದನ್ನು ಗುಂಡಿ ಡಬ್ಬದ ಕೆಳಗೆ ಹಾಕಿ ಸೀಮೆಸುಣ್ಣ ಹಿಡಿದು ಬರೆದ, ನಾನೇನು ಲಾಡ್ಜಿನಲ್ಲಿ ಇಳ್ಕೊಂಡಿದೀನಾ. ಅತ್ತಿಗೆ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಆ ಭಾನುವಾರವೇ ಅಲ್ಲವಾ ಅವಳು ಅಣ್ಣನ ಹಳೇ ಕಂಪ್ಯೂಟರಿಗೆ ಎಡಿಟರ್ ಹಾಕಿಕೊಟ್ಟದ್ದು, ಕೀಲಿ ಒತ್ತಿದ ಕೂಡಲೇ ವಾಕ್ಯ ಮೂಡುತ್ತದೆ, ಮೂಡಿದ ಕೂಡಲೇ ಯಂತ್ರ ಗಟ್ಟಿಯಾಗಿ ಓದುತ್ತದೆ, ಒರಟು ಗಂಡು ದನಿ ಹುಡುಕಿ ಹಾಕಿದ್ದಳು, ಅಣ್ಣನದಲ್ಲ, ಆದರೆ ಅಣ್ಣನ ಜೊತೆ ಬೀಡಿ ಸೇದುತ್ತಿದ್ದವರ ಪೈಕಿ ಯಾರದೋ ಅನ್ನಿಸುವಂಥದ್ದು. ಮೊದಲ ದಿನ ಅವಳು ಹಾಕಿಕೊಟ್ಟದ್ದು ನೀರು, ಊಟ, ನೋವು, ಇಂಥವು. ಮರುವಾರ ಹೋದರೆ ಅಣ್ಣ ತಾನೇ ಪುಟ ಓದಿ ತಾನೇ ಬರೆದುಕೊಂಡು ಕೂತಿದ್ದಾನೆ, ಅವಳು ಒಳಗೆ ಕಾಲಿಟ್ಟದ್ದೇ ತಡ ಒಂದು ಕೀಲಿ ಒತ್ತಿದ, ಯಂತ್ರ ಅಂದಿತು, ಬಾಲ, ಊಟ ಮಾಡ್ಕೊಂಡು ಬಂದ್ಯಾ, ಇಲ್ಲಾ ಬರೀ ಅಕ್ಷರ ತಿನ್ಕೊಂಡು ಬಂದ್ಯಾ. ಬಾಲ ಅಂದರೆ ಅವಳು, ಸಣ್ಣವಳಿದ್ದಾಗ ಅವನು ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುತ್ತಿದ್ದಳು, ಆ ಹೆಸರು ಯಂತ್ರದ ಬಾಯಲ್ಲಿ ಕೇಳಿದಾಗ ಚಪ್ಪಲಿ ಬಿಡುವುದನ್ನೂ ಮರೆತು ಹೊಸಿಲಲ್ಲೇ ನಿಂತಿದ್ದಳು, ಅಣ್ಣನ ಬೆರಳು ಆಗಲೇ ಇನ್ನೊಂದು ಕೀಲಿಯ ಮೇಲೆ, ಬಾಗಿಲು ಹಾಕು, ಸೊಳ್ಳೆಗೂ ಕುಪ್ಪಸ ಹೊಲಿಯೋಕಾಗಲ್ಲ.

ವರ್ಷಗಟ್ಟಲೆ ಬೆಳೆದವು, ಕೀಲಿಗೊಂದು ಬೈಗುಳ, ಕೀಲಿಗೊಂದು ಕೊಂಕು, ಅತ್ತಿಗೆಗೆ ಅಂತ ಒಂದು ಸಾಲು ಕೀಲಿಗಳೇ ಮೀಸಲು, ಮಹಾರಾಣಿಯವರೇ ಟೀ ಇಲ್ಲಿಗೆ ಬರುತ್ತಾ ಇಲ್ಲಾ ನಾನೇ ಅರಮನೆಗೆ ಬರಲಾ, ಹೋದ ವರ್ಷದ ಅಳತೆಗೇ ಹೊಲಿದುಬಿಡಿ ಅನ್ನುವ ಗಿರಾಕಿಗೆ, ಟೇಪು ಸುಳ್ಳು ಹೇಳಲ್ಲ ಸಾರ್, ಹೊಟ್ಟೆ ಹೇಳ್ಬಹುದು, ಮತ್ತೆ ಬಟ್ಟೆ ಆಯ್ತಾ ಅಂತ ಕೇಳುವವರಿಗೆ ಇದ್ದ ಆ ಕೀಲಿ, ಅದು ಅಣ್ಣನ ಕಿರೀಟ, ಒಂದೇ ಕೀಲಿ, ಆದರೆ ಪ್ರತಿ ಸಲ ಬೇರೆ ನೆಪ, ಮೊದಲ ಸಲ ಬಟ್ಟೆ ನೆನೆ ಹಾಕಿದೀನಿ, ಮುಂದಿನ ಸಲ ಗುಂಡಿ ಬಣ್ಣ ಕೂಡ್ತಿಲ್ಲ, ಆಮೇಲೆ ಇಸ್ತ್ರಿ ಕೆಟ್ಟಿದೆ, ಕೊನೆಗೆ ನಿಮ್ಮದೇ ಹೊಲೀತಾ ಇದ್ದೆ ನೀವೇ ಬಂದು ಕೆಡಿಸಿದ್ರಿ — ಎಷ್ಟು ಸಲ ಒತ್ತಿದೆ ಅಂತ ಮ್ಯಾಕ್ರೊ ನೆನಪಿಟ್ಟುಕೊಳ್ಳುತ್ತದೆ, ಅದನ್ನು ಹೇಗೆ ಬರೆಯಬೇಕೆಂದು ಪುಟದ ಕೆಳಭಾಗದಲ್ಲಿ ಇದೆ, ಅಷ್ಟು ಕೆಳಗಿನವರೆಗೂ ಓದಿದವನು ಲೋಕದಲ್ಲಿ ಅವನೊಬ್ಬನೇ ಇರಬೇಕು. ಹೋದ ವಾರ ಹಳೇ ಕಂಪ್ಯೂಟರು ಸತ್ತಿತು, ರಿಪೇರಿಯವನು ಬಿಚ್ಚಿ ನೋಡಿ, ಇದಕ್ಕೆ ಮಾಲೆ ಹಾಕಿ ಇಡಿ, ಅಂದನಂತೆ, ಹೊಸದು ತಂದರು, ಹೊಸದರ ಮೇಲೆ ಎಡಿಟರಿನ ಹಳೇ ಆವೃತ್ತಿ ಏಳುವುದೇ ಇಲ್ಲ, ಚಿಂತೆ ಮಾಡಬೇಡಿ ಅಂದಳು ಅವಳು, ಎಷ್ಟು ಜಂಬದಿಂದ ಅಂದಳು, ಹೊಸ ಆವೃತ್ತಿ ಬರ್ತಾ ಇದೆ, ಇನ್ನೂ ಅಂಗಡಿಗೇ ಬಂದಿಲ್ಲ, ನಿಮಗೆ ಮೊದಲು ತಂದು ಹಾಕ್ತೀನಿ ನೋಡಿ, ಎಂದು ನಿನ್ನೆ ಪರೀಕ್ಷಾ ಪ್ರತಿಯನ್ನು ತಾನೇ ಹೋಗಿ ಹಾಕಿದಳು, ಅಣ್ಣನ ಮ್ಯಾಕ್ರೊಗಳೆಲ್ಲ ಹಳೇದರಿಂದ ತೆಗೆದಿಟ್ಟದ್ದು ಇತ್ತು, ಒಂದೂ ಹಾಳಾಗದೆ ಬಂದು ಕೂತವು, ಅಣ್ಣ ಕೈ ಕೈ ಉಜ್ಜಿದ, ಒಂದು ವಾರದಿಂದ ಸೀಮೆಸುಣ್ಣದಲ್ಲಿ ಮಾತಾಡಿ ಮಾತಾಡಿ ಬೆರಳೆಲ್ಲ ಬಿಳಿ. ಅಷ್ಟರಲ್ಲಿ ಶಾಲಾ ಬಸ್ಸಿನ ಚಾಲಕ ಬಂದ, ಅಣ್ಣನ ಹಳೇ ಗಿರಾಕಿ, ಹಳೇ ಬಾಕಿ ಜಗಳ, ಬಂದವನೇ ಬಾಗಿಲಿಂದಲೇ, ಏನ್ ಸಾಹುಕಾರ್ರೇ, ಪ್ಯಾಂಟು ನನ್ನ ಕಾಲದಲ್ಲೇ ಆಗುತ್ತಾ, ಇಲ್ಲಾ ಮೊಮ್ಮಗ ಹಾಕ್ಕೋತಾನಾ, ಅಂದ, ಅಣ್ಣನ ಮುಖ ಅರಳಿದ್ದು ಅವಳಿಗೆ ಈಗಲೂ ಕಾಣುತ್ತದೆ, ಒಂದು ವಾರದ ಹಸಿವು, ಬೆರಳು ಹೋಗಿ ಕಿರೀಟದ ಕೀಲಿಯ ಮೇಲೆ ಬಿತ್ತು —

ಪೆಟ್ಟಿಗೆ. ತೆರೆಯ ನಡುಮಧ್ಯೆ ಬೂದು ಬಣ್ಣದ ಪೆಟ್ಟಿಗೆ, ಒಳಗೆ ಎರಡು ಸಾಲು, ಕೆಳಗೆ ಹೌದು, ಬೇಡ. ಯಂತ್ರಕ್ಕೆ ಮೂಡಿದ್ದನ್ನೆಲ್ಲ ಓದು ಅಂತ ಹೇಳಿಕೊಟ್ಟಿದೆ, ಅದಕ್ಕೆ ಯಾವುದು ಅಣ್ಣನ ಮಾತು ಯಾವುದು ಪೆಟ್ಟಿಗೆಯ ಮಾತು ಗೊತ್ತಾ, ಅದೇ ಒರಟು ದನಿಯಲ್ಲಿ ಓದಿತು, ಈ ಮ್ಯಾಕ್ರೊ ನಿಮ್ಮ ಬರಹವನ್ನು ಬದಲಾಯಿಸಬಹುದು, ಮುಂದುವರಿಯುವುದು ನಿಮಗೆ ಖಚಿತವೇ. ಚಾಲಕ ಒಂದು ಕ್ಷಣ ಕಕ್ಕಾಬಿಕ್ಕಿ, ಆಮೇಲೆ ಟೋಪಿ ತೆಗೆದು, ಖಚಿತ ಸಾರ್, ಅಂದ, ತನ್ನನ್ನೇ ಏನೋ ಕೇಳಿದರು ಅಂದುಕೊಂಡು, ಪಾಪ, ಕೋರ್ಟಿನಲ್ಲಿ ನಿಂತವನ ಹಾಗೆ. ಅತ್ತಿಗೆ ನಕ್ಕಳು, ಅವಳಿಗೂ ನಗು ಬಂತು, ಅಣ್ಣ ನಗಲಿಲ್ಲ, ಅಣ್ಣನ ಬೆರಳು ಕೀಲಿಯಿಂದ ಮೇಲೆ ಎದ್ದಿತ್ತು, ಎದ್ದದ್ದು ಗಾಳಿಯಲ್ಲಿ ನಿಂತುಬಿಟ್ಟಿತ್ತು, ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕಿಗಳು, ಉಗುರಿನ ಸಂದಿಯಲ್ಲಿ ಸೀಮೆಸುಣ್ಣ, ಹೌದಿನ ಕಡೆಗೂ ಇಲ್ಲ ಬೇಡದ ಕಡೆಗೂ ಇಲ್ಲ, ಹೌದು ಒತ್ತಣ್ಣ ಅಂದಳು ಅವಳು, ಒತ್ತಿದ, ಯಂತ್ರ ಅಂದಿತು, ಬಟ್ಟೆ ನೆನೆ ಹಾಕಿದೀನಿ ಸಾರ್. ಚಾಲಕ ಆಗಲೇ ಅತ್ತಿಗೆಯ ಜೊತೆ ಬಸ್ಸಿನ ಬ್ರೇಕಿನ ಕಥೆ ಶುರು ಮಾಡಿದ್ದ, ತಿರುಗಿ, ಏನಂದ್ರಿ, ಅಂದ. ನಗು ಹಳಸಿಹೋಗಿತ್ತು. ಅಣ್ಣ ಇನ್ನೊಂದು ಒತ್ತಿದ, ಈ ಮ್ಯಾಕ್ರೊ ನಿಮ್ಮ ಬರಹವನ್ನು, ಮತ್ತೊಂದು, ಈ ಮ್ಯಾಕ್ರೊ ನಿಮ್ಮ, ಆಮೇಲೆ ಬೆರಳು ಮೇಲೆ ಹೋಯಿತು, ನಿಂತಿತು, ಇಳಿಯಲಿಲ್ಲ, ಅಣ್ಣ ಟೇಪು ತೆಗೆದುಕೊಂಡು ಚಾಲಕನ ಸೊಂಟ ಅಳೆಯೋಕೆ ಹೋದ, ಅಳೆದದ್ದನ್ನೇ ಮತ್ತೆ ಅಳೆದ. ಹೊರಡುವಾಗ ಅವಳು, ನಾಳೆ ಆಫೀಸಿನಲ್ಲಿ ಮಾತಾಡಿ ಇದನ್ನ ತೆಗೆಸ್ತೀನಿ, ಅಂದಳು, ಅಣ್ಣ ತಲೆ ಆಡಿಸಿದ, ಆಗಲಿ ಅಂತಲೋ ಅಷ್ಟೇ ಬಿಡು ಅಂತಲೋ, ಮೊದಲೆಲ್ಲ ಅವನ ತಲೆ ಆಡಿಸುವಿಕೆಗೆ ಅರ್ಥ ಹುಡುಕಬೇಕಾಗಿರಲಿಲ್ಲ, ಅರ್ಥ ಅವನೇ ಕೀಲಿ ಒತ್ತಿ ಕೂಗಿಸುತ್ತಿದ್ದ.

ಆ ಎರಡು ಸಾಲು ಬರೆದದ್ದು ಯಾರು, ಅವಳೇ, ಎಡಿಟರಿನಲ್ಲಿ ಎಲ್ಲೇ ಒಂದು ಪೆಟ್ಟಿಗೆ ಎದ್ದರೂ ಒಳಗಿನ ಮಾತು ಅವಳದೇ, ಇದನ್ನಂತೂ ಎಷ್ಟು ಅಕ್ಕರೆಯಿಂದ ಬರೆದಿದ್ದಳು, ಹೆದರಿಸಬಾರದು, ಆದರೆ ತಡೆಯಬೇಕು, ಬಾಗಿಲಲ್ಲಿ ನಿಂತ ಒಳ್ಳೇ ಕಾವಲುಗಾರನ ಹಾಗೆ. ಪೆಟ್ಟಿಗೆ ಬೇಕು ಅಂತ ಹಟ ಹಿಡಿದದ್ದೂ ಅವಳೇ ಅಲ್ಲವಾ, ಆ ಮೇಷ್ಟ್ರಿಗೋಸ್ಕರ, ಹೆಲ್ಪ್ ಪುಟದ ಕೊನೆಯಲ್ಲಿರುವ ಫೋನ್ ನಂಬರು ಅವಳ ಮೇಜಿನ ಮೇಲೇ ಹೊಡೆದುಕೊಳ್ಳುತ್ತದೆ, ಎತ್ತಿದರೆ ಒಬ್ಬ ಮೇಷ್ಟ್ರು, ಎಲ್ಲಿಂದಲೋ ಒಂದು ಮ್ಯಾಕ್ರೊ ತಂದು ಹಾಕಿಕೊಂಡಿದ್ದಾರೆ, ಪಾಠ ಚೆಂದ ಮಾಡಿಕೊಡುತ್ತದೆ ಅಂತ ಯಾರೋ ನಂಬಿಸಿದ್ದಾರೆ, ಒಂದು ಕೀಲಿ ಒತ್ತಿದ್ದಕ್ಕೆ ವರ್ಷವಿಡೀ ಬರೆದಿಟ್ಟ ಪಾಠಗಳೆಲ್ಲ ಗುಡಿಸಿದ ಹಾಗೆ ಹೋಗಿವೆ, ಅಳುತ್ತಿರಲಿಲ್ಲ, ಅತ್ತಿದ್ದರೇ ವಾಸಿ, ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು ಅಲ್ವೇನಮ್ಮ, ಒಂದೇ ಒಂದ್ ಮಾತು, ಅಂತ ಯಂತ್ರದ ಮೇಲೆ ನೊಂದುಕೊಂಡು ಹೇಳಿದರು, ಮಗಳು ಹೇಳದೆ ಕೇಳದೆ ಮನೆ ಬಿಟ್ಟು ಹೋದ ಹಾಗೆ. ಇನ್ಮೇಲೆ ಕೇಳುತ್ತೆ ಸಾರ್, ಅಂತ ಅವಳು ಮಾತು ಕೊಟ್ಟಳು, ಹೋಗಿ ಜಗಳ ಆಡಿ ಪೆಟ್ಟಿಗೆ ಹಾಕಿಸಿದಳು, ಗಡ್ಡ ಆಗ ಬೇಡ ಅಂದಿದ್ದ, ಗಡ್ಡ ಅಂದರೆ ಮುಖ್ಯ ಪ್ರೋಗ್ರಾಮರು, ಗಡ್ಡ ಬೋಳಿಸಿ ಯಾವುದೋ ಕಾಲ ಆಯಿತು, ಹೆಸರು ಮಾತ್ರ ಬೋಳಿಸೋಕೆ ಆಗಿಲ್ಲ. ಅದೇ ಗಡ್ಡ ಇವತ್ತು ಬೆಳಿಗ್ಗೆ ಎಲ್ಲರೂ ನಿಂತಿದ್ದಾಗ ಅವಳ ಮಾತು ಕೇಳಿ ಕೈಯಲ್ಲಿದ್ದ ಪೆನ್ನು ತಿರುಗಿಸುತ್ತಾ, ಪೆಟ್ಟಿಗೆ ಬೇಕು ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ, ನಾನೇನು ಗಡಿಯಾರದ ಲೋಲಕ ಆಗ್ಲಾ, ಅಂದ, ಎಲ್ಲರೂ ನಕ್ಕರು. ಬೇಡ ಅಂತಲ್ಲ ಅಂದಳು, ನಂಬಿಕೆಯ ಮ್ಯಾಕ್ರೊ ಅಂತ ಒಂದು ಗುರುತು ಹಾಕೋಕೆ ಬಿಟ್ಟರೆ ಸಾಕು, ತಾನೇ ಬರೆದುಕೊಂಡದ್ದಕ್ಕೆ ಮತ್ತೆ ಮತ್ತೆ ಕೇಳಬಾರದು, ಅಷ್ಟೇ, ಅಣ್ಣನ ಕಥೆಯನ್ನೂ ಹೇಳಿದಳು, ಹೇಳುವಾಗ ದನಿ ಗಟ್ಟಿಯಾಗೇ ಇತ್ತು, ಚಾಲಕ ಟೋಪಿ ತೆಗೆದದ್ದನ್ನು ಹೇಳಿದಾಗ ಮತ್ತೆ ನಕ್ಕರು, ಬೆರಳಿನದ್ದು ಹೇಳಲಿಲ್ಲ, ಅದನ್ನು ನಿಂತುಕೊಂಡು ಹೇಳಲು ಬರುವುದಿಲ್ಲ. ಗಡ್ಡ ಪೆನ್ನು ತಿರುಗಿಸುವುದನ್ನು ನಿಲ್ಲಿಸಿದ, ಮೆತ್ತಗಾದ, ನಂಗೂ ಸಂಕಟ ಆಗುತ್ತೆ ಕಣೆ, ಆದ್ರೆ ಆ ಗುರುತನ್ನ ಕೆಟ್ಟ ಮ್ಯಾಕ್ರೊನೇ ತಾನಾಗಿ ಹಾಕ್ಕೊಂಡುಬಿಟ್ರೆ ಆ ಮೇಷ್ಟ್ರ ಗತಿ ಏನು, ಸರಿಯಾಗಿ ಮಾಡ್ಬೇಕು ಅಂದ್ರೆ ಟೈಮ್ ಬೇಕು, ಟೈಮ್ ಇಟ್ಟಿದ್ವಿ, ಅದನ್ನ ತೆಗೆದ್ರು, ಎಂದು ಹೆಡ್‌ಮಾಸ್ಟರ ಕಡೆ ನೋಡಿದ. ಯಾಕೆ ತೆಗೆದರು, ಅದಕ್ಕೂ ಈ ಕಂಪನಿಯಲ್ಲಿ ಒಂದು ಪದ್ಧತಿ ಇದೆ, ಹೆಲ್ಪ್ ಪುಟಕ್ಕೆ ಎಷ್ಟು ಜನ ಬಂದುಹೋದರು ಅಂತ ನೋಡುತ್ತಾರೆ, ಜನ ಬರುವ ಪುಟ ಜನಕ್ಕೆ ಬೇಕಾದ ಸಾಮಾನು, ಬಾರದ ಪುಟ ಮೂಲೆಗೆ, ಮ್ಯಾಕ್ರೊ ಪುಟಕ್ಕೆ ನರಪಿಳ್ಳೆಯೂ ಬರುವುದಿಲ್ಲ.

ಬರುವುದಿಲ್ಲ ಯಾಕೆಂದರೆ ಒಂದು ಸಲ ಓದಿದರೆ ಬಂದುಬಿಡುತ್ತದೆ ಸಾರ್, ಅಂದಳು, ಕಲಿತವರು ಮತ್ತೆ ಯಾಕೆ ಬರ್ತಾರೆ, ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬರೋ ಪುಟ ಯಾವುದು ಗೊತ್ತಾ, ತುಂಬುತೆರೆಯಿಂದ, ಅದೇ ಫುಲ್ ಸ್ಕ್ರೀನಿಂದ, ಹೊರಬರುವುದು ಹೇಗೆ, ಅದು ಗಡ್ಡ ಬರೆದದ್ದು, ನಾನು ರಜದಲ್ಲಿದ್ದಾಗ, ಓದಿದೋರು ಯಾರೂ ಹೊರಗೆ ಬಂದಿಲ್ಲ, ಅದಕ್ಕೇ ಮತ್ತೆ ಮತ್ತೆ ಬರ್ತಾರೆ, ಅದಕ್ಕೆ ನಾವು ಜನಪ್ರಿಯ ಅಂತ ನಕ್ಷತ್ರ ಹಾಕಿದೀವಿ. ಗಡ್ಡನಿಗೇ ನಗು ತಡೆಯಲಿಲ್ಲ. ಹೆಡ್‌ಮಾಸ್ಟರೂ ನಕ್ಕರು, ನಕ್ಕು, ನೀನು ಹೇಳೋದು ನೂರಕ್ಕೆ ನೂರು ಸರಿ, ಅಂದರು, ಅವಳ ಎದೆ ಹಗುರವಾಯಿತು, ಸರಿ ಅಂದಮೇಲೆ ಆಯಿತಲ್ಲ, ಮುಂದಿನ ಆವೃತ್ತಿಗೆ ಇದನ್ನ ಖಂಡಿತ ಗಮನಕ್ಕೆ ತಗೊಳ್ಳೋಣ, ಅಂದರು. ಮುಂದಿನ ಆವೃತ್ತಿ ಎಂದರೆ ಮುಂದಿನ ವರ್ಷ, ಅದೂ ಬಂದರೆ, ಗಮನಕ್ಕೆ ತೆಗೆದುಕೊಂಡದ್ದು ಕೈಗೆ ಬಂದದ್ದನ್ನು ಅವಳು ಈ ಕಟ್ಟಡದಲ್ಲಿ ಕಂಡಿಲ್ಲ. ಪ್ರೋಗ್ರಾಮಿನ ಕೋಡ್ ಮುಚ್ಚಿ ಆಯ್ತಮ್ಮ, ಈಗ ಅದರೊಳಗೆ ಕೈ ಹಾಕೋ ಹಾಗಿಲ್ಲ, ಪದಗಳು ಮಾತ್ರ ಸಂಜೆವರೆಗೂ ತೆರೆದಿವೆ, ಪೆಟ್ಟಿಗೆ ಒಳಗಿನ ಮಾತು ಬೇಕಾದ್ರೆ ಬದಲಾಯಿಸ್ಕೋ, ಅದು ನಿಂದೇ ಅಲ್ವಾ, ಎಂದು ಏನೋ ದಾನ ಕೊಟ್ಟವರ ಹಾಗೆ ಕೈಬಿಚ್ಚಿದರು, ಎಲ್ಲರೂ ತಮ್ಮ ತಮ್ಮ ಕುರ್ಚಿಗೆ ಹೋದರು. ಅಂದಿನಿಂದ, ಅಂದಿನಿಂದ ಏನು, ಬೆಳಿಗ್ಗೆಯಿಂದ, ಅವಳು ಕೂತಿದ್ದಾಳೆ, ಪುಟಕ್ಕೆ ಹಸಿರು ಹಾಕುವ ಸಿದ್ಧ ಗುಂಡಿಯನ್ನು ಒತ್ತದೆಯೂ ಇರಬಹುದು, ಕಟ್ಟುಪಾಡು ಅವಳ ಕೈಯಲ್ಲಿದೆ, ಕೆಂಪು ಕೆಂಪಾಗಿಯೇ ಇರಲಿ, ಸಾಮಾನು ಹೊಸಿಲು ದಾಟದೇ ಇರಲಿ, ಆದರೆ ದಾಟದಿದ್ದರೆ ಆ ಮೇಷ್ಟ್ರಿಗೆ ಕೊಟ್ಟ ಮಾತು, ಅವರ ಹಾಗೆ ಇನ್ನೆಷ್ಟು ಜನವೋ, ಈ ಹೊತ್ತೇ ಯಾರೋ ಎಲ್ಲೋ ಒಂದು ಕೀಲಿ ಒತ್ತಿ ವರ್ಷವನ್ನೇ ಕಳಕೊಳ್ಳುತ್ತಿರಬಹುದು, ಒತ್ತದಿದ್ದರೂ ಅಣ್ಣನ ಹೊಸ ಕಂಪ್ಯೂಟರಿಗೆ ಹಳೇದು ಏಳುವುದಿಲ್ಲ, ಒತ್ತಿದರೆ ಅಣ್ಣ, ಬಿಟ್ಟರೆ ಮೇಷ್ಟ್ರು, ಬಿಟ್ಟರೂ ಅಣ್ಣ. ಪುಟದ ಕೆಳಗೆ ಒಂದು ಕೊಂಡಿ ಇದೆ, ಎಚ್ಚರಿಕೆಯ ಪೆಟ್ಟಿಗೆಯ ಬಗ್ಗೆ ತಿಳಿಯಲು ಇಲ್ಲಿ ಒತ್ತಿ, ಒತ್ತಿದರೆ ಆ ಪುಟ, ಅದರ ಕೆಳಗೆ ಮ್ಯಾಕ್ರೊಗಳ ಬಗ್ಗೆ ತಿಳಿಯಲು ಇಲ್ಲಿ ಒತ್ತಿ, ಒತ್ತಿದರೆ ಮತ್ತೆ ಇದು, ಮಧ್ಯಾಹ್ನವೆಲ್ಲ ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಗಾಣದ ಎತ್ತಾಗಿದ್ದಾಳೆ, ಎಲ್ಲಾದರೂ ಒಂದು ಸಂದಿ ಕಂಡೀತು ಅಂತ, ತಾನೇ ಕಟ್ಟಿದ ಗೋಡೆ, ಸಂದಿ ಬಿಟ್ಟಿದ್ದರೆ ತಾನೇ ಕಾಣೋದು.

ಸರಿ, ಪದಗಳು ತೆರೆದಿವೆ ತಾನೇ, ಪದಗಳಲ್ಲೇ ಏನಾದರೂ. ಅವಳು ಪೆಟ್ಟಿಗೆಯ ಮಾತನ್ನು ತೆರೆದಳು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು, ಕೈಗೆ ಕೆಲಸ ಸಿಕ್ಕಿದ್ದಕ್ಕೋ ಏನೋ ಉಸಿರು ಸಲೀಸಾಯಿತು. ಅಣ್ಣನಿಗೆ ಅಡ್ಡ ಬರುತ್ತಿರುವುದು ಉದ್ದ, ಯಂತ್ರ ಅಷ್ಟುದ್ದ ಓದುವಷ್ಟರಲ್ಲಿ ಗಿರಾಕಿ ಆ ಕಡೆ ತಿರುಗಿರುತ್ತಾನೆ, ಉದ್ದ ಕಡಿಮೆ ಮಾಡಿದರೆ, ಕಣ್ಣು ಮಿಟುಕಿಸುವಷ್ಟು ಮಾಡಿದರೆ, ಕೀಲಿ ಒತ್ತು ಹೌದು ಒತ್ತು, ಎರಡು ಬೆರಳ ಕೆಲಸ, ಹೊಲಿಗೆಯ ಕೈ, ಒಂದು ವಾರದಲ್ಲಿ ರೂಢಿಯಾದೀತು. ಈ ಮ್ಯಾಕ್ರೊ — ಯಾವ ಮ್ಯಾಕ್ರೊ ಅಂತ ಒತ್ತಿದವನಿಗೆ ಗೊತ್ತಿಲ್ಲವಾ, ಕತ್ತರಿಸು. ನಿಮ್ಮ ಬರಹವನ್ನು ಬದಲಾಯಿಸಬಹುದು — ಅದನ್ನು ಹೆಲ್ಪ್ ಪುಟದಲ್ಲಿ ಹೇಳಿದರಾಯಿತು, ಕತ್ತರಿಸು. ಮುಂದುವರಿಯುವುದು ನಿಮಗೆ — ಕತ್ತರಿಸು, ಕತ್ತರಿಸು, ಅಣ್ಣ ಬೇಡದ ಬಟ್ಟೆ ಕತ್ತರಿಸುವಾಗ ಕತ್ತರಿಯನ್ನು ಪೂರ್ತಿ ಮುಚ್ಚುವುದಿಲ್ಲ, ಜಾರಿಸಿಕೊಂಡು ಹೋಗುತ್ತಾನೆ, ಹಾಗೆ ಜಾರಿಸಿಕೊಂಡು ಹೋದಳು, ಕೊನೆಗೆ ಒಂದು ಪದ ಉಳಿಯಿತು. ಖಚಿತವೇ. ಎಷ್ಟು ಚೊಕ್ಕ. ಮೇಷ್ಟ್ರಿಗೂ ಸಾಕು, ಅವರು ಕೇಳಿದ್ದೂ ಒಂದೇ ಒಂದು ಮಾತು. ತನ್ನ ಯಂತ್ರದಲ್ಲಿ ಓದಿಸಿ ನೋಡಿದಳು, ಹೆಡ್‌ಫೋನಿನಲ್ಲಿ ಒರಟು ದನಿ ಖಚಿತವೇ ಅಂದು ಸುಮ್ಮನಾಯಿತು, ಉಸಿರಿನಷ್ಟೇ ಉದ್ದ, ಗೆದ್ದೆ ಅನ್ನಿಸಿತು, ಪುಟದ ಕೊನೆಯ ಸಾಲನ್ನು ಬರೆದೇಬಿಟ್ಟಳು, ಮ್ಯಾಕ್ರೊ ಕೀಲಿ ಒತ್ತಿದಾಗಲೆಲ್ಲ ಎಡಿಟರ್ ನಿಮ್ಮನ್ನು ಒಮ್ಮೆ ಕೇಳುತ್ತದೆ, ಇದನ್ನು ನಿಲ್ಲಿಸಲು ಸಾಧ್ಯವಿಲ್ಲ, ಸಿದ್ಧ ಅನ್ನುವುದನ್ನು ಒತ್ತಿದಳು, ಕೆಂಪು ಹಸಿರಾಯಿತು, ಗಡ್ಡನ ಮೇಜಿನ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು, ಇನ್ನೊಬ್ಬರು ಸೇರಿಕೊಂಡರು, ಕಿತ್ತಳೆಯವನು ಒಂದು ತೊಳೆ ಚಾಚಿದ, ಬಾಯಿಗೆ ಹಾಕಿಕೊಂಡಳು, ಹುಳಿ. ಹೆಡ್‌ಮಾಸ್ಟರು ಲೋಟ ಎತ್ತಿ ತೋರಿಸಿದರು, ಈಗ ಅದರಲ್ಲಿ ನೀರಿತ್ತು.

ಮೆಟ್ಟಿಲ ಹತ್ತಿರ ಬಂದು ಅಣ್ಣನ ಮನೆಗೆ ಫೋನು ಮಾಡಿದಳು, ಇಲ್ಲೂ ಗಾಜು, ಕೆಳಗೆ ಬೀದಿಯಲ್ಲಿ ಒಬ್ಬ ಸೈಕಲ್ಲಿನ ಮೇಲೆ ಕುರ್ಚಿಗಳನ್ನು ಕಟ್ಟಿಕೊಂಡು ಹೋಗುತ್ತಿದ್ದಾನೆ, ಶಬ್ದವೇ ಇಲ್ಲ, ಅತ್ತಿಗೆ ಎತ್ತಿದಳು, ಎತ್ತಿದವಳೇ ದನಿ ತಗ್ಗಿಸಿ, ಬೆಳಿಗ್ಗೆಯಿಂದ ಒಂದಕ್ಷರ ಇಲ್ಲ ಕಣೆ, ಅಂದಳು, ಎರಡು ಸಲ ಕೂತ್ರು, ಒತ್ತಿದ್ರು, ಅದು ಆ ಪುರಾಣ ಓದೋಕೆ ಶುರು ಮಾಡ್ತು, ಬೇಡ ಒತ್ತಿ ಎದ್ದುಹೋದ್ರು, ಸೀಮೆಸುಣ್ಣನೂ ಮುಟ್ಟಿಲ್ಲ, ನನ್ನನ್ನ ಮಹಾರಾಣಿ ಅಂತಾನೂ ಅಂದಿಲ್ಲ, ನಾನೇ ಕೇಳ್ದೆ, ಟೀ ಅರಮನೆಯಿಂದ ತರ್ಲಾ ಅಂತ, ಸುಮ್ನೆ ನೋಡಿದ್ರು. ಇಲ್ಲ ಅತ್ತಿಗೆ, ಈಗ ಸರಿ ಮಾಡಿದೀನಿ, ಒಂದು ಸಲ ಮುಚ್ಚಿ ತೆರೆಯೋಕೆ ಹೇಳಿ, ಹೊಸ ಮಾತು ಇಲ್ಲಿಂದ ತಾನೇ ಬಂದು ಕೂರುತ್ತೆ, ಫೋನು ಯಂತ್ರದ ಹತ್ತಿರ ಹಿಡೀರಿ, ನಾನೂ ಕೇಳಬೇಕು, ಅಂದಳು, ಅತ್ತಿಗೆಯ ಬಳೆ ಸದ್ದು, ಕುರ್ಚಿ ಎಳೆದ ಸದ್ದು, ಬಾಲ ಲೈನಲ್ಲಿದಾಳೆ, ಏನೋ ಸರಿ ಮಾಡಿದಾಳಂತೆ, ಒಂದು ಮಾತಾಡಿ, ಅನ್ನುತ್ತಿದ್ದಾಳೆ, ಅಣ್ಣ ಮೂಗಲ್ಲಿ ಬಿಡುವ ಉಸಿರು, ಅದು ನಗು, ಅದು ನಗುವೇ ಇರಬೇಕು, ಆಮೇಲೆ ಕೀಲಿ ಬಿದ್ದ ಟಕ್, ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಖಚಿತವೇ, ಅಂದಿತು ಯಂತ್ರ.

ಹೆಡ್‌ಫೋನಿನಲ್ಲಿ ಹೀಗೆ ಕೇಳಿರಲಿಲ್ಲ, ಅಲ್ಲಿ ಒಂದು ಪದವಾಗಿತ್ತು, ಇಲ್ಲಿ ಕೋಣೆಯಲ್ಲಿ ಯಾರೋ ಇದ್ದಾರೆ, ಉದ್ದದ ಸಾಲು ರೈಲ್ವೆ ನಿಲ್ದಾಣದ ಘೋಷಣೆಯ ಹಾಗಿತ್ತು, ಯಾರದೋ ಮಾತು, ಬಡಬಡಿಸಿಕೊಳ್ಳಲಿ ಅಂತ ಬಿಡಬಹುದಿತ್ತು, ನಗಬಹುದಿತ್ತು, ಟೋಪಿ ತೆಗೆಯಬಹುದಿತ್ತು, ಇದು ಹಾಗಲ್ಲ, ಇದು ಅಣ್ಣನದೇ ದನಿ, ಇಷ್ಟು ವರ್ಷ ಅವನ ಪರವಾಗಿ ಲೋಕಕ್ಕೆಲ್ಲ ಬೈದ ದನಿ, ಇವತ್ತು ಅವನ ಕಡೆಗೇ ತಿರುಗಿ, ಮೆತ್ತಗೆ, ಒಂದೇ ಪದದಲ್ಲಿ ಕೇಳುತ್ತಿದೆ, ಅಂದುಬಿಡೋದು ಖಚಿತವೇ, ನೋಯಲ್ಲವೇ, ನಗ್ತಾರೆ ಅಂತ ಖಚಿತವೇ, ಅಣ್ಣ ಇಡೀ ಜನ್ಮದಲ್ಲಿ ಆಡುವ ಮೊದಲು ಯೋಚಿಸಿದವನಲ್ಲ, ಆಡಿದಮೇಲೂ ಇಲ್ಲ, ಅದಕ್ಕೇ ಅವನ ಮಾತು ಯಾರಿಗೂ ನಾಟುತ್ತಿರಲಿಲ್ಲ, ಅವಳು ಹೊಟ್ಟನ್ನೆಲ್ಲ ಕೇರಿ ಕಾಳನ್ನೇ ತೆಗೆದು ಅವನ ಮುಂದೆ ಇಟ್ಟುಬಿಟ್ಟಿದ್ದಾಳೆ, ಹಸಿರು ಬಿದ್ದಮೇಲೆ ಪದಗಳೂ ಮುಚ್ಚಿದ ಹಾಗೆ. ಹೌದು ಒತ್ತಣ್ಣ, ಅನ್ನಬೇಕು, ಅನ್ನಲು ಬಾಯಿ ಬರುತ್ತಿಲ್ಲ, ಒತ್ತಿದ ಮೇಲೆ ಬರುವ ಮಾತಿಗೂ ಈ ಪ್ರಶ್ನೆ ಅಂಟಿಕೊಂಡೇ ಬರುತ್ತದೆ, ಪಕ್ಕದಲ್ಲಿ ಅತ್ತಿಗೆಯೂ ಕಾಯುತ್ತಿದ್ದಾಳೆ, ಫೋನಿನ ಒಳಗೆ ಫ್ಯಾನು ತಿರುಗುವ ಸದ್ದು, ಉಸಿರು ಇಲ್ಲ, ಟಕ್ ಇಲ್ಲ, ಹೌದಿನ ಟಕ್ಕೂ ಇಲ್ಲ ಬೇಡದ ಟಕ್ಕೂ ಇಲ್ಲ, ಅವನು ಯೋಚಿಸುತ್ತಿದ್ದಾನೆ, ಕಣ್ಣು ಮುಚ್ಚಿದರೂ ಅದೇ, ತೆರೆದು ಗಾಜಿನ ಆಚೆ ನೋಡಿದರೂ ಅದೇ, ಬೆರಳು, ತುದಿಯಲ್ಲಿ ಕಪ್ಪು ಚುಕ್ಕಿಗಳು, ಕೀಲಿಗೆ ಒಂದು ದಾರದಷ್ಟು ಮೇಲೆ, ಗಾಳಿಯಲ್ಲಿ, ಇಳಿಯದೆ, ಬೆರಳು —